ಓದದೆ ಬಿಟ್ಟ ಸಾಲು

ಶನಿವಾರ ಬೆಳಗಿನ ಕ್ಲಾಸೆಂದರೆ ಅರ್ಧ ಬೆಂಚು ಖಾಲಿ, ಉಳಿದರ್ಧಕ್ಕೆ ನಿದ್ದೆ. ಗೋಕಾಕದ ಆ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಶೀತಲ್ ಇದನ್ನು ಒಂಬತ್ತು ವರ್ಷದಿಂದ ನೋಡುತ್ತ ಬಂದವನು, ಬೇಸರಪಡುವುದನ್ನೂ ಬಿಟ್ಟಿದ್ದ. ಇವತ್ತು ಮಾತ್ರ ಬೋರ್ಡಿನ ಮೇಲೆ ತಾನೇ ಎಳೆದ ಗೆರೆಯನ್ನು ನೋಡುತ್ತ ನಿಂತುಬಿಟ್ಟ. ಆಕ್ಟಿನ್ ಎಂದು ಬರೆದಿದ್ದ. ಜೀವಕೋಶದೊಳಗೆ ಎಳೆ ಎಳೆಯಾಗಿ ಹಬ್ಬಿ ಅದಕ್ಕೆ ಆಕಾರ ಕೊಡುವುದು ಇದೇ, ಆದರೆ ಇದಕ್ಕೆ ಸ್ವಂತ ಬುದ್ಧಿ ಇಲ್ಲ, ಬುದ್ಧಿಯೆಲ್ಲ ಇದನ್ನು ಹಿಡಿಯುವ ಪ್ರೋಟೀನುಗಳದು ಎಂದು ಪ್ರತಿ ವರ್ಷ ಹೇಳುವಂತೆ ಹೇಳಿದ್ದ. ಒಂದು ಪ್ರೋಟೀನು ಎಳೆಯ ತುದಿಗೆ ಟೊಪ್ಪಿಗೆ ಹಾಕಿ ಬೆಳೆದದ್ದು ಸಾಕು ಎನ್ನುತ್ತದೆ, ಒಂದು ನಡುವೆ ಕತ್ತರಿಸುತ್ತದೆ, ಒಂದು ಹತ್ತಾರು ಎಳೆ ಕೂಡಿಸಿ ಕಬ್ಬಿನ ಹೊರೆಯಂತೆ ಕಟ್ಟುತ್ತದೆ. ಇನ್ನೊಂದು, ಸ್ನಾಯುವಿನಲ್ಲಿ, ಎಳೆಯನ್ನು ಕೋಶದ ಪೊರೆಗೆ ಬಿಗಿಯುತ್ತದೆ. ಇಲ್ಲಿಗೆ ಬಂದಾಗ ಕೊಣ್ಣೂರಿನಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು, ಆ ಬಿಗಿಯುವ ಪ್ರೋಟೀನು ಹುಟ್ಟಿನಿಂದಲೇ ಇಲ್ಲದಿದ್ದರೆ ಏನಾಗುತ್ತದೆ ಸರ್ ಎಂದು ಕೇಳಿದಳು. ಶೀತಲ್ ಡಸ್ಟರು ಕೈಗೆತ್ತಿಕೊಂಡ. ಅದು ಸಿಲೆಬಸ್ಸಿನಲ್ಲಿ ಇಲ್ಲ ಎಂದ. ಹುಡುಗಿ ಕುಳಿತಳು. ಹಿಂದಿನ ಬೆಂಚಿನ ಒಬ್ಬ ಕಿಸಕ್ಕನೆ ನಕ್ಕ. ನಕ್ಕದ್ದು ಆ ಹುಡುಗಿಯನ್ನು ನೋಡಿಯೇ ಇರಬೇಕು, ಆದರೂ ಶೀತಲನ ಕಿವಿ ಬಿಸಿಯಾಯಿತು.

ಬೈಕು ಏರಿ ಮಸಗುಪ್ಪಿಯ ದಾರಿ ಹಿಡಿದಾಗಲೂ ಆ ಬಿಸಿ ಆರಿರಲಿಲ್ಲ. ಮಸಗುಪ್ಪಿಯಲ್ಲಿ ಅಕ್ಕ ಜಿನ್ನವ್ವನ ಮನೆ. ಅವಳ ಮಗಳು ಶುಭಾಂಗಿಯನ್ನು ನೋಡಲು ಹುಕ್ಕೇರಿಯವರು ಬರುವವರಿದ್ದರು, ಕನ್ಯಾ ನೋಡುವಾಗ ಸೋದರಮಾವ ಇಲ್ಲದಿದ್ದರೆ ಹೇಗೆ ಎಂದು ಅಕ್ಕ ನಾಲ್ಕು ಸಲ ಫೋನು ಮಾಡಿದ್ದಳು. ಇಲ್ಲದಿದ್ದರೇ ಚೆನ್ನ ಎಂದು ಅವನಿಗೆ ಅನ್ನಿಸಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಬೈಕು ತೆವಳುತ್ತಿತ್ತು, ದಾಟಿ ಹೋಗಲು ಜಾಗವಿದ್ದಾಗಲೂ ಅವನು ದಾಟಲಿಲ್ಲ. ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಆ ಪ್ರೋಟೀನು ಇಲ್ಲದ ಮೈ ಪ್ರತಿ ಹೆಜ್ಜೆಗೂ, ಪ್ರತಿ ನಗುವಿಗೂ ಒಳಗೊಳಗೇ ಹರಿಯುತ್ತದೆ. ಹರಿದದ್ದನ್ನು ಮೈ ಕೆಲವು ವರ್ಷ ಹೊಲಿದುಕೊಳ್ಳುತ್ತದೆ, ಆಮೇಲೆ ಹೊಲಿಯಲು ಅದಕ್ಕೇ ಸಾಕಾಗಿಬಿಡುತ್ತದೆ. ಐದನೆಯ ವರ್ಷಕ್ಕೆ ಮಗು ನೆಲದಿಂದೇಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಏರುತ್ತದೆ. ಹತ್ತು ಹನ್ನೆರಡಕ್ಕೆ ನಡೆಯುವುದು ನಿಲ್ಲುತ್ತದೆ. ಆಮೇಲೆ ತೋಳು, ಆಮೇಲೆ ಉಸಿರು. ಅಕ್ಕನ ಮಗ ಶುಭಮ್‌ಗೆ ಈಗ ಹದಿನೇಳು.

ಇಪ್ಪತ್ತು ತುಂಬದ ಶೀತಲ್ ಒಮ್ಮೆ ದೀಪಾವಳಿಗೆಂದು ಧಾರವಾಡದಿಂದ ಊರಿಗೆ ಬಂದಿದ್ದ. ಆಗ ಶುಭಾಂಗಿ ನಾಲ್ಕು ವರ್ಷದವಳು, ಶುಭಮ್ ಹುಟ್ಟಿಯೇ ಇರಲಿಲ್ಲ. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೋಡು ನಿನ್ನ ಗಂಡ ಬಂದ ಎಂದು ಚೇಷ್ಟೆ ಮಾಡಿದಳು. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಆ ಮನೆಯಲ್ಲಿ ಹೊಸದೇನೂ ಅಲ್ಲ. ಜಿನ್ನವ್ವನ ಗಂಡ ಆಬಾಸಾಹೇಬ ಅವ್ವನ ಖಾಸಾ ತಮ್ಮ, ಅಂದರೆ ಜಿನ್ನವ್ವನಿಗೂ ಶೀತಲನಿಗೂ ಸೋದರಮಾವ. ಶೀತಲ್‌ಗೆ ಮೈಯೆಲ್ಲ ಉರಿದುಹೋಯಿತು. ಹೊಸದಾಗಿ ಕಲಿತ ವಿದ್ಯೆ ಬೇರೆ, ಅರ್ಧ ತುಂಬಿದ ಕೊಡ. ಊಟದ ಪಂಕ್ತಿಯಲ್ಲೇ ಭಾಷಣಕ್ಕಿಳಿದ. ರಕ್ತಸಂಬಂಧದೊಳಗೆ ಮದುವೆಯಾದವರ ಮಕ್ಕಳು ಕುಂಟಾಗಿ, ಕುರುಡಾಗಿ, ಬುದ್ಧಿ ಇಲ್ಲದೆ ಹುಟ್ಟುತ್ತಾರೆ, ನಮ್ಮ ಜನ ಬೇಕೆಂದೇ ತಮ್ಮ ಮಕ್ಕಳ ಕಾಲು ಮುರಿಯುತ್ತಿದ್ದಾರೆ ಎಂದ. ಎದುರಿಗೆ ಹೋಳಿಗೆ ಮುರಿಯುತ್ತಿದ್ದ ಆಬಾಸಾಹೇಬ ಮಾಮಾ ಗಟ್ಟಿಯಾಗಿ ನಕ್ಕು, ಹಂಗಾದರೆ ನಮ್ಮ ಶುಭಾಂಗಿಗೆ ಏನಾಗಿದೆಯಪ್ಪ, ಗುಂಡು ಕಲ್ಲಿನ ಹಾಗೆ ಇದ್ದಾಳೆ ಎಂದಿದ್ದ. ಎಲ್ಲರೂ ನಕ್ಕರು. ಶೀತಲ್ ಒಬ್ಬನೇ ನಗದೆ, ಗೆದ್ದವನಂತೆ ಊಟ ಮುಗಿಸಿದ.

ಒಂಬತ್ತು ವರ್ಷದ ಮೇಲೆ, ಬೆಳಗಾವಿಯ ಒಂದು ಆಸ್ಪತ್ರೆಯ ಕೋಣೆಯಲ್ಲಿ, ಆರು ವರ್ಷದ ಶುಭಮ್‌ನನ್ನು ನೆಲದ ಮೇಲೆ ಕೂರಿಸಿ ಏಳಿಸಿ ನೋಡಿದ ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುತ್ತ, ಸಂಬಂಧದೊಳಗೆ ಮದುವೆಯಾಗಿದ್ದೀರಾ ಎಂದು ಕೇಳಿದ. ಎಲ್ಲರಿಗೂ ಕೇಳುವ ಪ್ರಶ್ನೆ ಅದು, ಅರ್ಜಿಯಲ್ಲಿ ತುಂಬಲಿಕ್ಕೆ. ಆದರೆ ಆಬಾಸಾಹೇಬನಿಗೆ ಅದು ತೀರ್ಪಿನ ಹಾಗೆ ಕೇಳಿಸಿತು. ಬಸ್ಸಿನಲ್ಲಿ ಮಗನನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ, ನೀನು ಆವತ್ತೇ ಹೇಳಿದ್ದಿ ಶೀತಲ್, ನಾನೇ ನಕ್ಕೆ ಎಂದ. ಶೀತಲ್‌ಗೆ ಆಗ ಇಪ್ಪತ್ತೆಂಟು. ಪುಣೆಯ ಪ್ರಯೋಗಾಲಯವೊಂದರಲ್ಲಿ ಆಕ್ಟಿನ್ ಹಿಡಿಯುವ ಪ್ರೋಟೀನುಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದವನು. ಈ ಬೇನೆಗೂ ಸಂಬಂಧದ ಮದುವೆಗೂ ನಂಟಿಲ್ಲ, ಇದು ತಾಯಿಯ ಕಡೆಯಿಂದ ಗಂಡುಮಗುವಿಗೆ ಇಳಿಯುವಂಥದು, ಹೆಣ್ಣುಮಕ್ಕಳು ತಾವು ನೆಟ್ಟಗಿದ್ದೇ ಒಳಗೆ ಹೊತ್ತು ಮುಂದಕ್ಕೆ ದಾಟಿಸುತ್ತಾರೆ, ತಂದೆ ಬಯಸಿದರೂ ಮಗನಿಗೆ ಇದನ್ನು ಕೊಡಲಾರ ಎಂಬುದು ಅವನಿಗೆ ತನ್ನ ಹೆಸರಿನಷ್ಟೇ ಗೊತ್ತಿತ್ತು. ಹೇಳಲು ಬಾಯಿಯನ್ನೂ ತೆರೆದ. ಮುಂದಿನ ಸೀಟಿನಲ್ಲಿ ಅವ್ವ ಕೂತಿದ್ದಳು. ಅವ್ವನ ಇನ್ನೊಬ್ಬ ತಮ್ಮ, ಹದಿನೆಂಟಕ್ಕೇ ತೀರಿಕೊಂಡವನು, ನೆನಪಾದ. ಬಾವಿಯ ಮೆಟ್ಟಿಲಿಂದ ಬಿದ್ದು ಕಾಲು ಸೋತವನು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಅಕ್ಕನಿಗೆ. ತಾನು ಅದೇ ಬಸಿರಿನಿಂದ ಬಂದವನು, ತನ್ನ ಪಾಲಿಗೆ ಬರಲಿಲ್ಲ ಅಷ್ಟೆ. ಶೀತಲ್ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದ.

ಅಲ್ಲಿಗೆ ಮುಗಿದಿದ್ದರೆ ಹೇಡಿತನ ಎನ್ನಬಹುದಿತ್ತು. ತಿಂಗಳ ನಂತರ ರಕ್ತದ ರಿಪೋರ್ಟು ಬಂತು, ಎರಡು ಹಾಳೆ, ಇಂಗ್ಲಿಷಿನಲ್ಲಿ. ಓದಿ ಹೇಳು ಎಂದು ಮನೆಮಂದಿಯೆಲ್ಲ ಜಮಖಾನೆಯ ಮೇಲೆ ಸುತ್ತ ಕೂತರು. ಅವನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳುತ್ತ ಬಂದ. ಕೊನೆಗೆ ಒಂದು ಸಾಲಿತ್ತು: ಇದು ತಾಯಿಯಿಂದ ಬಂದಿರಬಹುದು, ತಾಯಿಯನ್ನೂ ಹುಟ್ಟಿದ ಹೆಣ್ಣುಮಕ್ಕಳನ್ನೂ ಪರೀಕ್ಷಿಸಬೇಕು. ಆ ಸಾಲಿನ ಮೇಲೆ ಹೆಬ್ಬೆರಳಿಟ್ಟುಕೊಂಡು, ಇಷ್ಟೇ ಇದೆ ಎಂದ. ಅವ್ವ ಕಣ್ಣೊರೆಸಿಕೊಂಡು ಎದ್ದಳು, ಅಕ್ಕ ಹುಡುಗನಿಗೆ ಹಾಲು ತರಲು ಹೋದಳು. ಆಬಾಸಾಹೇಬ ಮರುದಿನ ಬಸದಿಗೆ ಹೋಗಿ ಬೆಲ್ಲ ಸಕ್ಕರೆ ಎರಡನ್ನೂ ಬಿಡುವ ನೇಮ ತೆಗೆದುಕೊಂಡ. ಮನೆಯ ಹಿಂದೆಯೇ ಕಬ್ಬು, ಅದರಾಚೆ ಗಾಣ. ಹಂಗಾಮಿನಲ್ಲಿ ಊರೆಲ್ಲ ಪಾಕದ ವಾಸನೆ. ಆ ಮನುಷ್ಯ ಹನ್ನೊಂದು ವರ್ಷದಿಂದ ಸಕ್ಕರೆ ಹಾಕದ ಚಹಾ ಕುಡಿಯುತ್ತಾನೆ. ಹಬ್ಬದ ದಿನ ಹೋಳಿಗೆಯ ಪಂಕ್ತಿಯಲ್ಲಿ ಅವನ ಎಲೆಯ ಎದುರು ಕೂತು ಉಣ್ಣುವುದು ಶೀತಲ್‌ಗೆ ಒಂದು ಶಿಕ್ಷೆ. ಅದಕ್ಕೆಂದೇ ಅವನು ಹಬ್ಬಕ್ಕೆ ಬರುವುದನ್ನು ಕಡಿಮೆ ಮಾಡಿದ್ದ, ಊರವರು ಹೆಂಡತಿಯ ಮಾತು ಕೇಳುತ್ತಾನೆ ಎಂದುಕೊಂಡರು. ಅವನ ಹೆಂಡತಿ ಸುಮನಗೆ ಪಾಪ ಇದ್ಯಾವುದೂ ಗೊತ್ತಿರಲಿಲ್ಲ.

ಅವ್ವ ತೀರಿಕೊಂಡಾಗ ಹೇಳಬಹುದಿತ್ತು. ಆದರೆ ಆಗ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬೆಳೆದು ದೊಡ್ಡದಾಗಿತ್ತು. ಅಲ್ಲದೆ ಮುಚ್ಚಿಡುವುದು ಅವನ ಕೈಗೆ ಹತ್ತಿದ ಕಸುಬಾಗಿಬಿಟ್ಟಿತ್ತು. ಪುಣೆಯಲ್ಲಿ ಅವನು ಐದು ವರ್ಷ ಆಕ್ಟಿನ್ ತೆಗೆದದ್ದು ಮೊಲದ ಸ್ನಾಯುವಿನಿಂದ, ಒಣಗಿಸಿ ಪುಡಿ ಮಾಡಿದ್ದು, ಬಾಟಲಿಯಲ್ಲಿ ಬರುತ್ತಿತ್ತು. ಇರುವೆ ತುಳಿದರೆ ಣಮೋಕಾರ ಮಂತ್ರ ಹೇಳುವ ಜೈನರ ಮನೆಯ ಹುಡುಗ ಆ ಪುಡಿಯನ್ನು ಚಮಚೆಯಲ್ಲಿ ತೂಗುತ್ತಿದ್ದ. ಮನೆಯಲ್ಲಿ ಕಂಪ್ಯೂಟರಿನ ಕೆಲಸ ಎಂದು ಹೇಳಿದ್ದ. ಎಳೆಯನ್ನು ಕತ್ತರಿಸುವ ಪ್ರೋಟೀನು ಅದನ್ನು ಎಲ್ಲಿ ಹಿಡಿಯುತ್ತದೆ ಎಂಬುದಷ್ಟೇ ಅವನ ವಿಷಯ, ಶುಭಮ್‌ನ ಬೇನೆಗೂ ಅದಕ್ಕೂ ದೂರದ ಮಾತು. ಊರಿನಲ್ಲಿ ಮಾತ್ರ, ಜಿನ್ನವ್ವನ ತಮ್ಮ ಅಳಿಯನ ಸಲುವಾಗಿ ಔಷಧ ಹುಡುಕುತ್ತಿದ್ದಾನೆ ಎಂದು ಸುದ್ದಿಯಾಗಿತ್ತು. ಅವನು ಅಲ್ಲಗಳೆಯಲಿಲ್ಲ.

ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ಶುಭಮ್‌ನನ್ನು ಪಡಸಾಲೆಯಿಂದ ಹಿಂದಿನ ಕೋಣೆಗೆ ಸಾಗಿಸುವ ಕೆಲಸ ಶೀತಲ್‌ಗೇ ಕಾದಿತ್ತು. ಬಂದವರ ಕಣ್ಣಿಗೆ ಬೀಳುವುದು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಲ್ಲಿ ಫ್ಯಾನು ಚಲೋ ತಿರುಗುತ್ತದೆ ಎಂದರು. ಶೀತಲ್ ಕಂಕುಳಿಗೆ ಕೈಹಾಕಿ ಎತ್ತಲು ಹೋದ. ಹುಡುಗನ ಹೆಗಲು ಮೇಲಕ್ಕೆ ಸರಿದು, ಮೈ ಹಿಡಿತದಿಂದ ಕೆಳಗೆ ಜಾರಿತು. ಹಂಗಲ್ಲ ಮಾಮಾ, ಮೊಣಕಾಲ ಕೆಳಗೊಂದು ಕೈ ಹಾಕಬೇಕು, ಬೆನ್ನಿಗೊಂದು, ಅಪ್ಪ ದಿನಕ್ಕೆ ಹತ್ತು ಸಲ ಎತ್ತುತ್ತಾನೆ, ನೋಡಿಲ್ಲವೇ ಎಂದು ಶುಭಮ್ ನಗುತ್ತಲೇ ಹೇಳಿದ. ಅವನ ದನಿ ಒಡೆದು ದಪ್ಪವಾಗಿತ್ತು, ಮೀಸೆ ಮೂಡಿತ್ತು. ನೋಡಿಲ್ಲ ಎನ್ನುವುದು ನಿಜವಾಗಿತ್ತು. ಆ ಪ್ರೋಟೀನನ್ನು ಶೀತಲ್ ಚಿತ್ರದಲ್ಲಿ, ಪಟ್ಟಿಯಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನೂರು ಸಲ ನೋಡಿದ್ದ. ಅದು ಇಲ್ಲದ ಮೈಯ ಭಾರ ಎಷ್ಟೆಂದು ತೋಳಿಗೆ ಗೊತ್ತಾದದ್ದು ಇವತ್ತು. ಮಂಚದ ಮೇಲೆ ಇಳಿಸಿದಾಗ ಹುಡುಗ ಬಾಗಿಲು ಹಾಕಿಕೊಂಡು ಹೋಗು ಎಂದ, ಅವರು ನಕ್ಕದ್ದು ಕೇಳಿದರೆ ತನಗೂ ನಗು ಬರುತ್ತದಂತೆ.

ಹಿತ್ತಲ ಬಾಗಿಲಲ್ಲಿ ಶುಭಾಂಗಿ ಕಾದಿದ್ದಳು. ಮೂಡಲಗಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು, ಇಪ್ಪತ್ನಾಲ್ಕು ವರ್ಷಕ್ಕೆ ದೊಡ್ಡವರ ಹಾಗೆ ಮೆಲ್ಲಗೆ ಮಾತಾಡುತ್ತಾಳೆ. ಉಟ್ಟ ರೇಷ್ಮೆಯ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಅಟ್ಟದ ಮೇಲಿನ ಹಳೆಯ ರಿಪೋರ್ಟನ್ನು ತಾನೇ ತೆಗೆದು ಓದಿದೆ ಎಂದಳು. ಶೀತಲ್ ಗೋಡೆಗೆ ಆತು ನಿಂತ. ಆಮೇಲೆ ತನ್ನ ರಕ್ತವನ್ನೂ ಕಳಿಸಿದಳಂತೆ, ಯಾರಿಗೂ ಹೇಳದೆ.

"ನನ್ನಾಗೂ ಐತಿ ಮಾಮಾ," ಎಂದಳು. "ಇವತ್ತ ಬರೂ ಹುಡುಗ ಸ್ವಪ್ನಿಲಗ ಫೋನಿನಾಗ ಎಲ್ಲಾ ಹೇಳೇನಿ. ಅಂವಾ ಔಷಧ ಅಂಗಡಿ ನಡಸಾಂವ, ತಿಳೀತೈತಿ ಅವಗ. ಮುಂದ ಮಕ್ಕಳು ಬೇಕಾದಾಗ ಮೊದಲ ಪರೀಕ್ಷಾ ಮಾಡಿಸೋಣು ಅಂದಾನ. ನನ್ನ ಸಲುವಾಗಿ ನೀವು ಹೆದರಬ್ಯಾಡ್ರಿ. ಅವರ ಅಪ್ಪಾರು ಇವತ್ತ ಕೇಳೇ ಕೇಳ್ತಾರ. ಕೇಳಿದ್ರ ಖರೆ ಹೇಳ್ರಿ. ನಮ್ಮಪ್ಪ ಅದನ್ನ ನಿಮ್ಮ ಬಾಯಿಂದ ಒಮ್ಮೆರ ಕೇಳ್ಲಿ."

ನಿನ್ನ ಅವ್ವನ ಗತಿ ಏನು ಎಂದು ಶೀತಲ್ ಕೇಳಿದ. ಅವ್ವ ತಡೆದುಕೊಳ್ಳುತ್ತಾಳೆ, ನಾನಿದ್ದೇನೆ ಎಂದಳು. ಹನ್ನೊಂದು ವರ್ಷ ಯಾಕೆ ಮುಚ್ಚಿಟ್ಟೆ ಎಂದು ಅವಳು ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿರುತ್ತಿತ್ತು. ಅವನು ಆಗಲಿ ಎಂದ. ಅಂದಾಗ ಎದೆ ಹಗುರಾದದ್ದೂ ನಿಜ. ಎಲ್ಲ ತಾನೇ ನಡೆದುಬಿಡುತ್ತದೆ, ಒಬ್ಬರು ಕೇಳುತ್ತಾರೆ, ತಾನು ಹೇಳುತ್ತೇನೆ, ಅಷ್ಟೇ ತಾನೆ.

ಹುಕ್ಕೇರಿಯವರು ಮೂರು ಗಂಟೆಗೆ ಬಂದರು. ಹೊತ್ತು ಮುಳುಗುವುದರೊಳಗೆ ಉಂಡು ಹೊರಡಬೇಕು ಎಂಬ ಅವಸರ ಎರಡೂ ಕಡೆ ಇತ್ತು, ಜೈನರ ಮನೆಯ ಶುಭಕಾರ್ಯಕ್ಕೆ ಸೂರ್ಯನೇ ಗಡಿಯಾರ. ಸ್ವಪ್ನಿಲ್ ತಲೆ ತಗ್ಗಿಸಿ ಕೂತ, ತೆಳ್ಳಗಿನ ಹುಡುಗ. ಅವನ ತಂದೆ ನೇಮಣ್ಣ ಸಲೀಸು ಮಾತಿನ ಮನುಷ್ಯ, ಕಬ್ಬಿನ ರೇಟು, ರಸ್ತೆಯ ತಗ್ಗು, ಹುಕ್ಕೇರಿಯ ನೀರು ಎಲ್ಲ ಸುತ್ತಿ ಬಂದು, ಅವಲಕ್ಕಿಯ ತಾಟು ಕೆಳಗಿಟ್ಟ. ಹುಡುಗಿ ಎಲ್ಲರಿಗೂ ಹಿಡಿಸಿದ್ದಾಳೆ, ಆದರೆ ತಮ್ಮನ ಸಂಗತಿ ಕೇಳಿದ್ದೇವೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಕೇಳಿಬಿಡುವುದು ವಾಸಿ ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. ಆ ಬೇನೆ ಹುಡುಗಿಯ ಹಿಂದೆಯೂ ಬರುವಂಥದೇ ಎಂದಷ್ಟೇ ಕೇಳಿದ.

ಶೀತಲ್ ಉಸಿರು ತೆಗೆದುಕೊಂಡ. ಅಷ್ಟರಲ್ಲಿ ಆಬಾಸಾಹೇಬ ಎದ್ದು ನಿಂತು ಕೈ ಮುಗಿದಿದ್ದ. "ಅದು ಆಕೀದಲ್ರಿ, ನಂದು," ಎಂದ. "ನಾ ಖಾಸಾ ಅಕ್ಕನ ಮಗಳನ್ನ ಮಾಡ್ಕೊಂಡೆ. ರಕ್ತಕ್ಕ ರಕ್ತ ಕೂಡಿಸಿದೆ. ಆ ಪಾಪ ನನ್ನ ಮಗನ ಕಾಲಿಗೆ ಬಂತು. ನಿಮ್ದು ಬ್ಯಾರೆ ರಕ್ತ, ನನ್ನ ಮಗಳಿಂದ ನಿಮಗೇನೂ ಬರೂದಿಲ್ಲ. ಬೇಕಾದ್ರ ಇವನ್ನ ಕೇಳ್ರಿ, ಇದರಾಗ ಡಾಕ್ಟರಕಿ ಮಾಡ್ಯಾನ."

ಎಲ್ಲರೂ ಶೀತಲ್ ಕಡೆ ತಿರುಗಿದರು. ಅರವತ್ತು ದಾಟಿದ ಮಾಮಾನ ಮುಗಿದ ಕೈ ಇನ್ನೂ ಇಳಿದಿರಲಿಲ್ಲ, ಕಣ್ಣು ಹೂಂ ಅನ್ನು ಎಂದು ಬೇಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಶುಭಾಂಗಿ. ಹೇಳುವ ಮಾತು ಸಿದ್ಧವಾಗಿತ್ತು, ತಾಯಿಯ ಕಡೆಯಿಂದ ಎಂಬ ಎರಡು ಶಬ್ದ. ಅಕ್ಕನ ಹಣೆಯ ಮೇಲೆ ಬೆವರು, ಅದರ ಕೆಳಗೆ ಕುಂಕುಮ ಸ್ವಲ್ಪ ಹರಡಿತ್ತು. ಆರನೆಯ ತರಗತಿಯವರೆಗೆ ಅವನನ್ನು ಕೈಹಿಡಿದು ಸಾಲೆಗೆ ಕರೆದೊಯ್ದವಳು. ಇಷ್ಟು ಜನರ ನಡುವೆ ಇವಳ ಮೇಲೆ ಇದನ್ನು ಹೇಗೆ ಹಾಕುವುದು ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಕರುಣೆಯೋ, ಹಳೆಯ ಹೆದರಿಕೆಯೇ ಕರುಣೆಯ ಅಂಗಿ ತೊಟ್ಟು ಬಂದದ್ದೋ ಅವನಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ.

"ಹೌದ್ರಿ," ಎಂದ. "ಮಾಮಾ ಹೇಳಿದ್ದು ಖರೆ."

ನೇಮಣ್ಣ ಸಮಾಧಾನದಿಂದ ಚಹಾ ಎತ್ತಿಕೊಂಡ. ಸ್ವಪ್ನಿಲ್ ತಲೆ ಎತ್ತಿ ಒಂದು ಕ್ಷಣ ಶೀತಲನನ್ನು ನೋಡಿದ, ಕಾಲೇಜಿನ ಮಾಸ್ತರನ್ನು ತಪ್ಪು ಮಾಡುವಾಗ ಹಿಡಿದ ವಿದ್ಯಾರ್ಥಿಯ ನೋಟ, ಆಮೇಲೆ ಮರ್ಯಾದೆಗೆ ಕಣ್ಣು ತಗ್ಗಿಸಿದ. ಶುಭಾಂಗಿ ಬಾಗಿಲಲ್ಲಿ ಇರಲಿಲ್ಲ. ಮಾತು ಮುಂದೆ ಸಾಗಿತು, ತಿಥಿ ನೋಡಿದರು, ಹೋಳಿಗೆ ಬಡಿಸಿದರು, ಯಾರೋ ಪ್ರೊಫೆಸರ್ ಸಾಹೇಬರಿಗೆ ಇನ್ನೊಂದು ಹಾಕಿರಿ ಎಂದರು. ಅವನು ಬೇಡ ಎನ್ನಲಿಲ್ಲ, ತಿಂದ. ಹೊತ್ತು ಇಳಿಯುವ ಮೊದಲು ಅವರ ಕಾರು ಹೋಯಿತು.

ಪಡಸಾಲೆಯಲ್ಲಿ ಹಾಸಿದ ಜಮಖಾನೆಯನ್ನು ಆಬಾಸಾಹೇಬ ಅಂಗಳಕ್ಕೆ ಎಳೆದು ತಂದು ಝಾಡಿಸುತ್ತಿದ್ದ. ದೊಡ್ಡದು, ಒಬ್ಬರ ಕೈಗೆ ಮಡಚಲು ಬರುವುದಿಲ್ಲ. ಶೀತಲ್ ಹೋಗಿ ಇನ್ನೆರಡು ಮೂಲೆ ಹಿಡಿದುಕೊಂಡ. ಮಾಮಾನ ಮುಖದಲ್ಲಿ ಇಷ್ಟು ವರ್ಷದಲ್ಲಿ ಕಾಣದ ಒಂದು ಉಲ್ಲಾಸವಿತ್ತು, ಮಗಳ ದಾರಿ ಸಲೀಸಾಯಿತು, ನೀನಿದ್ದದ್ದು ಪುಣ್ಯ ಎಂದ. ಆ ಪುಣ್ಯ ಎಂಬ ಮಾತನ್ನು ಶೀತಲ್‌ಗೆ ನುಂಗಲಾಗಲಿಲ್ಲ. ನಾಲ್ಕು ಮೂಲೆ ನಡುವೆ ಜಮಖಾನೆ ಬಿಗಿಯಾಗಿ ನಿಂತಿದ್ದಾಗಲೇ ಬಾಯಿಂದ ಬಂದುಬಿಟ್ಟಿತು.

"ಮಾಮಾ, ನಾ ಸುಳ್ಳ ಹೇಳ್ದೆ. ಇದರಾಗ ನಿಮ್ದೇನೂ ಇಲ್ರಿ. ಸಂಬಂಧದಾಗ ಮದುವಿ ಆಗಿದ್ದಕ್ಕ ಬಂದಿದ್ದಲ್ಲ ಇದು. ತಂದೀ ಕಡಿಂದ ಬರೂದ ಇಲ್ಲ. ನಮ್ಮವ್ವನಿಂದ ಅಕ್ಕಗ, ಅಕ್ಕನಿಂದ ಶುಭಮಗ. ಶುಭಾಂಗೀದೂ ಪರೀಕ್ಷಾ ಆಗೇತಿ, ಆಕಿಯೊಳಗೂ ಐತಿ. ಆ ಹುಡುಗಗ ಗೊತ್ತೈತಿ, ಒಪ್ಯಾನ. ನೀವು ಹೊರಗಿನ ಹೆಣ್ಣು ಮಾಡ್ಕೊಂಡಿದ್ರೂ ನಿಮಗ ಪಾಪ ಇರ್ಲಿಲ್ಲ, ಅಕ್ಕನ್ನ ಮಾಡ್ಕೊಂಡ್ರೂ ಇಲ್ಲ."

ಆಬಾಸಾಹೇಬ ಮೂಲೆ ಬಿಡಲಿಲ್ಲ. ಮಗಳ ಹೆಸರು ಬಂದಾಗ ಮಾತ್ರ ಒಮ್ಮೆ ಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ಗೊತ್ತಾಗಿ ಎಷ್ಟು ದಿನ ಆಯಿತು ಎಂದು ಕೇಳಿದ, ಮಳೆಯ ಸುದ್ದಿ ಕೇಳುವ ದನಿಯಲ್ಲಿ. ಹನ್ನೊಂದು ವರ್ಷ ಎಂದ ಶೀತಲ್. ಬೈಗುಳಕ್ಕೆ ಮೈಯೊಡ್ಡಿದವನ ಹಾಗೆ ನಿಂತ, ಒಂದು ಏಟು ಬಿದ್ದರೂ ಸಾಕಿತ್ತು. ಆಬಾಸಾಹೇಬ ಎರಡು ಹೆಜ್ಜೆ ಮುಂದೆ ಬಂದು, ತನ್ನ ಮೂಲೆಗಳನ್ನು ಶೀತಲನ ಮೂಲೆಗಳಿಗೆ ಕೂಡಿಸಿದ. ಹತ್ತಿರದಿಂದ ನೋಡಿದರೆ ಅವನ ಕಣ್ಣು ತುಂಬಿತ್ತು.

"ಜಿನ್ನವ್ವಗ ಗೊತ್ತೈತೇನು?"

"ಇಲ್ರಿ."

"ಹಂಗಾದ್ರ ಹೇಳಬ್ಯಾಡ. ಶುಭಾಂಗಿಗೂ ನಾ ತಿಳಿಸಿ ಹೇಳ್ತೇನಿ. ನಾ ಹೊತ್ತು ಹೊತ್ತು ನನಗ ರೂಢಿ ಆಗೇತಿ. ಆಕಿ ಈಗ ಹೊಸದಾಗಿ ಹೊರಬೇಕಾಗತೈತಿ. ಅದು ನಂದ ಇರ್ಲಿ."

ಮಡಚಿದ ಜಮಖಾನೆಯನ್ನು ತೋಳಿನ ಮೇಲೆ ಹಾಕಿಕೊಂಡು ಅವನು ಒಳಗೆ ನಡೆದ. ಶೀತಲ್ ಅಂಗಳದಲ್ಲೇ ಉಳಿದ. ಹೇಳಿದರೆ ಹಗುರಾಗುತ್ತದೆ ಎಂದು ಹನ್ನೊಂದು ವರ್ಷ ನಂಬಿದ್ದ ಮನುಷ್ಯನಿಗೆ ಈಗ ತಾನು ಹೇಳಿದ್ದಾದರೂ ಏನು ಎಂಬುದೇ ತಿಳಿಯದಾಯಿತು. ಆಬಾಸಾಹೇಬನ ತಲೆಯ ಮೇಲಿಂದ ತಪ್ಪು ಇಳಿಯಲಿಲ್ಲ. ಅದು ತನ್ನದಲ್ಲ ಎಂದು ಗೊತ್ತಿದ್ದೂ ಹೊರುವ ಹಾಗಾಯಿತು.

ಅಕ್ಕ ಡಬ್ಬಿಯಲ್ಲಿ ಹೋಳಿಗೆ ತುಂಬಿಕೊಂಡು ಹೊರಗೆ ಬಂದಳು, ಸುಮನಗೆ ಕೊಡು ಎಂದಳು. ಬೈಕಿನ ಹತ್ತಿರ ನಿಂತು, ಹಿಂದಿನ ಕೋಣೆಯ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ಕಿಟಕಿ ತೆರೆದೇ ಇತ್ತು. ಒಳಗೆ ಆಬಾಸಾಹೇಬ ಮಗನನ್ನು ಮಗ್ಗಲು ತಿರುಗಿಸುತ್ತಿದ್ದ, ಮಂಚ ಕಿರಗುಟ್ಟುವುದು ಕೇಳುತ್ತಿತ್ತು.

"ನಾಕ ಮಂದಿ ಮುಂದ ಹಂಗ ಕೈ ಮುಗಿದು ತಪ್ಪು ಒಪ್ಕೊಂಡ್ರಲ್ಲ, ನನಗ ನೋಡಾಕ ಆಗಲಿಲ್ಲ," ಎಂದಳು. "ನೀನೂ ಅವರ ಮ್ಯಾಲೆ ಸಿಟ್ಟ ಇಟ್ಕೋಬ್ಯಾಡ ತಮ್ಮಾ. ನಾ ಎಂದೋ ಅವರ್ನ ಕ್ಷಮಾ ಮಾಡೇನಿ."

ಒಳಗೆ ಮಂಚದ ಸದ್ದು ನಿಂತಿತ್ತು. ಇಲ್ಲ ಅಕ್ಕಾ, ಸಿಟ್ಟಿಲ್ಲ ಎಂದು ಶೀತಲ್ ಡಬ್ಬಿ ಇಸಿದುಕೊಂಡ.